ಕಾವಿ ಚಿತ್ತಾರವನ್ನು ಚೀಲ, ಹಲಗೆ, ಟೈಲ್ಸ್ ಮೇಲೆ ಇಳಿಸುವಾಗ ತರಿತರಿ ಮೈಯ ಟ್ರಾನ್ಸ್‌ಫರ್ ಹಾಳೆ ಏಕೆ ಕೈಕೊಡುತ್ತದೆ?

ಪ್ರಶ್ನೆ (ಶಿರಸಿಯಿಂದ)

ನಮಸ್ಕಾರ. ಶಿರಸಿಯ ನಮ್ಮ ಮನೆಯಲ್ಲಿಯೇ ಒಂದು ಸಣ್ಣ ಹೀಟ್ ಪ್ರೆಸ್ ಇಟ್ಟುಕೊಂಡು ಕೈಚೀಲ ಮತ್ತು ಉಡುಗೊರೆ ಸಾಮಾನುಗಳ ಮೇಲೆ ಚಿತ್ರ ಒತ್ತಿಕೊಡುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ, ದೇವಸ್ಥಾನದ ಗೋಡೆಗಳ ಕಾವಿ ಕಲೆಯನ್ನು ನೋಡಿ ನಾನೇ ಬರೆದ ಬಳ್ಳಿ, ಹೂವುಗಳ ಚಿತ್ತಾರವನ್ನು ಮಾರಾಟಕ್ಕಿಡಬೇಕೆಂದು ಆಸೆ. ಸುಣ್ಣದ ಗಾರೆಯ ಮೇಲೆ ಬಳಿದ ಕೆಂಪು ಪದರವನ್ನು ಕೆರೆದು ಅಡಿಯ ಬಿಳಿಯನ್ನು ಹೊರತರುವುದೇ ಕಾವಿಯ ಕ್ರಮವಾದ್ದರಿಂದ ಅದರ ಮೈ ನುಣುಪಾಗಿದ್ದರೆ ಚೆನ್ನಾಗಿರುವುದಿಲ್ಲ. ಹೀಗಾಗಿ ನೇಯ್ಗೆಯಂಥ ಗೆರೆಗಳಿರುವ ಇಂಕ್‌ಜೆಟ್ ಟ್ರಾನ್ಸ್‌ಫರ್ ಹಾಳೆಯನ್ನು (ಮನೆಯ ಪ್ರಿಂಟರಿನಲ್ಲಿ ಚಿತ್ರ ಅಚ್ಚು ಮಾಡಿ, ಬಿಸಿಯಿಂದ ಒತ್ತಿ ವಸ್ತುವಿಗೆ ಇಳಿಸುವ ಹಾಳೆ) ತರಿಸಿದೆ.

ಕೋರಾ ಬಟ್ಟೆಯ ಚೀಲದ ಮೇಲೆ ಅದು ಚೆನ್ನಾಗಿಯೇ ಕುಳಿತಿತು. ಆದರೆ ಹಲಸಿನ ಹಲಗೆಯ ಮೇಲೆ ಬಿಳಿ ಗೆರೆಗಳೆಲ್ಲ ಮಾಯವಾಗಿ ಹಲಗೆಯ ಹಳದಿಯೇ ಕಾಣುತ್ತಿದೆ. ಹೊಳಪಿನ ಟೈಲ್ಸ್ ಮೇಲಂತೂ ಉಗುರು ತಾಗಿದರೆ ಸಾಕು, ಈರುಳ್ಳಿ ಸಿಪ್ಪೆಯಂತೆ ಇಡೀ ಚಿತ್ರ ಎದ್ದುಬರುತ್ತದೆ. ಸಾಲದ್ದಕ್ಕೆ, ಮಳೆ ಹಿಡಿದ ಮೇಲೆ ಚೀಲಗಳ ಮೇಲೂ ಸಣ್ಣ ಗುಳ್ಳೆಗಳು ಏಳತೊಡಗಿವೆ. ದೋಷ ಹಾಳೆಯದೋ, ನನ್ನ ಕೈಯದೋ ತಿಳಿದವರು ಹೇಳಬೇಕು.

ಉತ್ತರ (ಕುಮಟಾದಿಂದ)

ಅಕ್ಕಾ, ನಿಮ್ಮ ಕೈಯ ದೋಷವೇನಿಲ್ಲ. ಬಟ್ಟೆಗೆಂದು ಮಾಡಿದ ಹಾಳೆಯನ್ನು ಮೂರೂ ಕಡೆ ಬಳಸಿದ್ದೀರಿ, ಅಷ್ಟೆ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಚಿತ್ರದಲ್ಲಿ ಬಿಳಿ ಇರುವ ಕಡೆ ಅದು ಏನನ್ನೂ ಅಚ್ಚು ಮಾಡುವುದಿಲ್ಲ, ಅಲ್ಲಿ ಕಾಣುವುದು ಕೆಳಗಿರುವ ವಸ್ತುವಿನ ಬಣ್ಣ. ಕೋರಾ ಬಟ್ಟೆಯ ಮಾಸಲು ಬಿಳುಪು ಹಳೆಯ ಸುಣ್ಣದ ಗೋಡೆಯಂತೆ ಕಾಣುವುದರಿಂದ ಚೀಲದಲ್ಲಿ ಆ ಕೊರತೆಯೇ ನಿಮಗೆ ಅನುಕೂಲವಾಯಿತು. ಹಲಸಿನ ಮೇಲೆ ಬಿಳಿ ಬೇಕೆಂದರೆ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್, ಅಂದರೆ ಚಿತ್ರವನ್ನು ಮೊದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಮಾಡುವ ಕ್ರಮ) ಫಿಲ್ಮ್ ಮಾಡಿಸಿ. ಅದರಲ್ಲಿ ಬಣ್ಣದ ಬೆನ್ನಿಗೆ ಬಿಳಿ ಶಾಯಿಯ ಪದರವೂ, ಅದಕ್ಕೆ ಬಿಸಿಗೆ ಕರಗುವ ಅಂಟಿನ ಪುಡಿಯೂ ಇರುತ್ತದೆ. ಸಾಮಾನ್ಯವಾಗಿ 150ರಿಂದ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 15 ಸೆಕೆಂಡು ಒತ್ತಿದರೆ ಸಾಕು. ಆರಿದ ಮೇಲೆ ಬಿಡಿಸಬೇಕಾದ ಫಿಲ್ಮನ್ನು ಬಿಸಿಯಲ್ಲೇ ಎಳೆದರೆ ಮಾತ್ರ ಅಂಚುಗಳು ಕಿತ್ತುಬರುತ್ತವೆ. ಹಲಗೆ ಚೆನ್ನಾಗಿ ಒಣಗಿರಬೇಕು, ಮೇಣವನ್ನಾಗಲಿ ಪಾಲಿಶನ್ನಾಗಲಿ ಮೊದಲೇ ಹಚ್ಚಿರಬಾರದು. ಮೈ ಏರುತಗ್ಗಾಗಿದ್ದರೆ ಅಡಿಗೆ ಸಿಲಿಕಾನ್ ಪ್ಯಾಡ್ ಇಡಿ, ಇಲ್ಲದಿದ್ದರೆ ತಗ್ಗುಗಳಿಗೆ ಒತ್ತಡ ಮುಟ್ಟುವುದಿಲ್ಲ.

ಇನ್ನು ತರಿಯ ವಿಷಯ. ಅದಕ್ಕಾಗಿ ದುಬಾರಿ ಹಾಳೆ ಕೊಳ್ಳಬೇಕಾಗಿಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಸಾದಾ ಡಿಟಿಎಫ್ ಚಿತ್ರವನ್ನು ಒತ್ತಿ, ಫಿಲ್ಮ್ ತೆಗೆದ ಮೇಲೆ ಎರಡನೆಯ ಬಾರಿ ಒತ್ತುವಾಗ ಮೇಲೆ ಏನಿಡುತ್ತೇವೋ ಅದರ ಗುರುತು ಮೆತ್ತಗಾದ ಪದರದ ಮೇಲೆ ಮೂಡುತ್ತದೆ. ಟೆಫ್ಲಾನ್ ಶೀಟ್ ಇಟ್ಟರೆ ಹೊಳಪು, ಬೇಕಿಂಗಿಗೆ ಬಳಸುವ ಬಟರ್ ಪೇಪರ್ ಇಟ್ಟರೆ ಮ್ಯಾಟ್. ನಾನು ಕೋರಾ ಬಟ್ಟೆಯ ಒಂದು ತುಂಡನ್ನೇ ಹಾಸಿ ಐದಾರು ಸೆಕೆಂಡು ಒತ್ತುತ್ತೇನೆ. ಓರೆಯಾಗಿ ಹಿಡಿದು ನೋಡಿದರೆ ಕೆಂಪಿನ ಮೇಲೆ ನೂಲಿನ ಎಳೆಗಳು ಅಡ್ಡಡ್ಡ, ಉದ್ದುದ್ದ ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ.

ಇಂಕ್‌ಜೆಟ್ ಹಾಳೆಯಲ್ಲಿ ಅಕ್ಷರವಿದ್ದರೆ ಕನ್ನಡಿಯ ಬಿಂಬದಂತೆ ತಿರುಗಿಸಿ ಅಚ್ಚು ತೆಗೆಯುವುದನ್ನು ಮರೆಯಬೇಡಿ. ಊರಿನ ಹೆಸರನ್ನು ಇಪ್ಪತ್ತು ಚೀಲಗಳ ಮೇಲೆ ಉಲ್ಟಾ ಒತ್ತಿದವನು ನಾನು. ಅವು ಇಂದಿಗೂ ನಮ್ಮ ಮನೆಯಲ್ಲಿ ತರಕಾರಿ ಹೊರುತ್ತಿವೆ.

ಉತ್ತರ (ಕಾರವಾರದಿಂದ)

ಟೈಲ್ಸ್ ಬಗ್ಗೆ ಮಾತ್ರ ಹೇಳುತ್ತೇನೆ. ಹೊಳಪಿನ ಮೈಯಲ್ಲಿ ಅಂಟು ಇಳಿಯಲು ರಂಧ್ರಗಳಿಲ್ಲವಾದ್ದರಿಂದ ಬಟ್ಟೆಗೆಂದು ಮಾಡಿದ ಹಾಳೆ ಅಲ್ಲಿ ನಿಲ್ಲುವುದು ಸಾಧ್ಯವಿಲ್ಲ. ಪಾಲಿಮರ್ ಲೇಪನವಿರುವ ಬಿಳಿ ಟೈಲ್ಸ್ ಕೊಂಡು ಸಬ್ಲಿಮೇಷನ್ ಮಾಡುವುದು ಒಂದು ದಾರಿ. 180ರಿಂದ 200 ಡಿಗ್ರಿಯಲ್ಲಿ ಶಾಯಿ ಆವಿಯಾಗಿ ಆ ಲೇಪನದೊಳಗೇ ಸೇರಿಕೊಳ್ಳುವುದರಿಂದ ಉಗುರಿಗೆ ಸಿಗಲು ಮೇಲೆ ಪದರವೇ ಇರುವುದಿಲ್ಲ, ಮತ್ತು ಅದೇ ಕಾರಣಕ್ಕೆ ಕುಮಟಾದವರು ಹೇಳಿದ ಬಟ್ಟೆಯ ಗುರುತೂ ಇದರಲ್ಲಿ ಮೂಡುವುದಿಲ್ಲ. ಹಾಳೆಯ ಮೇಲೆ ನಿಮ್ಮ ಕೆಂಪು ಮಂಕಾಗಿ ಕಂಡರೆ ಗಾಬರಿಯಾಗಬೇಡಿ, ಬಿಸಿ ತಗುಲಿದ ಮೇಲೆಯೇ ಅದು ತೆರೆದುಕೊಳ್ಳುತ್ತದೆ.

ಈಗಾಗಲೇ ಕೊಂಡ ಸಾದಾ ಟೈಲ್ಸ್ ಉಳಿದಿದ್ದರೆ ವಾಟರ್‌ಸ್ಲೈಡ್ ಹಾಳೆ ಬಳಸಬಹುದು. ಇಂಕ್‌ಜೆಟ್ ಅಚ್ಚಾದರೆ ಒಣಗಿದ ಮೇಲೆ ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯನ್ನು ಎರಡು ಮೂರು ಸಲ ಹೊಡೆಯಿರಿ, ಆಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ನೀರಿನಲ್ಲಿ ನೆನೆಸಿ ಚಿತ್ರದ ತೆಳು ಪದರವನ್ನು ಮೆಲ್ಲಗೆ ಟೈಲ್ಸ್ ಮೇಲೆ ಜಾರಿಸಿ. ಅಡಿಯ ನೀರನ್ನು ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತಿ ತೆಗೆಯಬೇಕು. ಇದು ಗೋಡೆಗೆ ತೂಗುಹಾಕುವುದಕ್ಕೆ ಸರಿ, ಬಿಸಿ ಪಾತ್ರೆ ಇಡುವುದಕ್ಕಲ್ಲ.

ಉತ್ತರ (ಅಂಕೋಲಾದಿಂದ)

ಗುಳ್ಳೆಗಳಿಗೆ ಕಾರಣ ನಮ್ಮ ಮಳೆಗಾಲದ ಥಂಡಿ. ಹಾಳೆ, ಬಟ್ಟೆ ಎರಡೂ ತೇವ ಹೀರಿರುತ್ತವೆ, ಪ್ರೆಸ್ ಮುಚ್ಚಿದೊಡನೆ ಅದು ಹಬೆಯಾಗಿ ಮೇಲೇಳುತ್ತದೆ. ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಚಿತ್ರ ಇಡುವ ಮೊದಲು ಬರಿಯ ಚೀಲವನ್ನೇ ಐದು ಸೆಕೆಂಡು ಒತ್ತಿ ತೆರೆಯಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ನಿನ್ನೆ ಬರಿಯ ಚೀಲವನ್ನು ಮೊದಲು ಒತ್ತಿದಾಗ ಪ್ರೆಸ್ಸಿನ ಬದಿಯಿಂದ ಹಬೆ ಹೊರಟಿದ್ದು ಕಣ್ಣಿಗೇ ಕಂಡಿತು. ಆಮೇಲೆ ಒತ್ತಿದ ಆರು ಚೀಲಗಳಲ್ಲಿ ಒಂದರಲ್ಲೂ ಗುಳ್ಳೆಯಿಲ್ಲ. ಹಲಗೆಗೆ ಡಿಟಿಎಫ್ ಫಿಲ್ಮ್ ಮಾಡಿಸಲು ಕೊಟ್ಟಿದ್ದೇನೆ. ಅದು ಬಂದ ಮೇಲೆ ಕೋರಾ ತುಂಡನ್ನೂ, ಅದಕ್ಕಿಂತ ಒರಟಾದ ಗೋಣಿತಾಟಿನ ತುಂಡನ್ನೂ ಹಾಸಿ ನೋಡಿ, ಸುಣ್ಣದ ಗಾರೆಗೆ ಯಾವುದು ಹತ್ತಿರ ಬಂತೆಂದು ಇಲ್ಲಿಯೇ ಬರೆಯುತ್ತೇನೆ.