ಅಪ್‌ಡೇಟ್: ತಾಂಬ್ಡಿ ಸುರ್ಲಾ ಪ್ರಾಜೆಕ್ಟ್ ಮುಗಿಯಿತು

ಒಂಬತ್ತನೆಯ ತರಗತಿಯ ಸಂಶೋಧನಾ ಪ್ರಾಜೆಕ್ಟಿಗೆ ಗೋವಾದ ತಾಂಬ್ಡಿ ಸುರ್ಲಾದ ಮಹಾದೇವ ದೇವಸ್ಥಾನದ ಮಾದರಿಯೊಂದೇ ಸಾಕೇ ಎಂದು ವಾಸ್ಕೋದಿಂದ ಹಿಂದೆ ಕೇಳಿದ್ದೆ. ಮಾದರಿಗಿಂತ ಒಳ್ಳೆಯ ಪ್ರಶ್ನೆ ಮುಖ್ಯವೆಂದು ಹಿರಿಯರೊಬ್ಬರು ಉತ್ತರಿಸಿದ್ದರು. ಆ ಮಾತನ್ನು ಹಿಡಿದು, ಗೋವಾದ ಹಳೆಯ ಮನೆಗಳೂ ಕೋಟೆಗಳೂ ಹೆಚ್ಚಾಗಿ ಚಿರೆಕಲ್ಲಿನವಾಗಿರುವಾಗ (ಕೆಂಪು ಜಂಬಿಟ್ಟಿಗೆ ಕಲ್ಲು; ಕುಮಟಾದ ನಮ್ಮ ಅಜ್ಜಿಮನೆಯೂ ಅದರದ್ದೇ), ಕದಂಬರ ಕಾಲದ, 12–13ನೆಯ ಶತಮಾನದ ಈ ಗುಡಿ ಮಾತ್ರ ಕಪ್ಪು ಬಸಾಲ್ಟ್ ಕಲ್ಲಿನದೇಕೆ ಎಂಬುದನ್ನೇ ವಿಷಯವಾಗಿಸಿಕೊಂಡೆ.

ಅಪ್ಪನೊಡನೆ ಅಲ್ಲಿಗೆ ಹೋದಾಗ, ಮಂಟಪದ ಕಂಬವೊಂದರ ಬುಡದಲ್ಲಿ ಆನೆಯು ಕುದುರೆಯನ್ನು ತುಳಿಯುವ ಕೆತ್ತನೆಯನ್ನೂ, ಮೇಲ್ಛಾವಣಿಯ ಕಮಲವನ್ನೂ ನೋಡಿ ಬಹಳ ಹೊತ್ತು ಚಿತ್ರ ಬಿಡಿಸುತ್ತ ಕುಳಿತೆ. ಇಷ್ಟು ನವಿರಾದ ಕೆಲಸಕ್ಕೆ ರಂಧ್ರಗಳಿಂದ ಕೂಡಿದ ಚಿರೆಕಲ್ಲು ಒಗ್ಗದು ಎಂಬುದು ಅಲ್ಲಿಯೇ ಮನಸ್ಸಿಗೆ ಬಂದಿತು.

ಪ್ರದರ್ಶನದ ದಿನ ಥರ್ಮಾಕೋಲ್ ಶಿಖರವು ಆಟೋದಲ್ಲಿಯೇ ಮುರಿಯಿತು. ಆದರೆ ಮೇಜಿನ ಮೇಲಿಟ್ಟಿದ್ದ ಚಿರೆಕಲ್ಲು, ಬಸಾಲ್ಟ್ ಎರಡನ್ನೂ ಮುಟ್ಟಿ, ಮೊಳೆಯಿಂದ ಗೀರಿ ನೋಡಲು ಬಂದವರಿಗೆಲ್ಲ ಅವಕಾಶ ಕೊಟ್ಟಿದ್ದರಿಂದ, ಮುರಿದ ಶಿಖರವನ್ನು ಯಾರೂ ವಿಚಾರಿಸಲಿಲ್ಲ. ಗುಡಿಯ ಕಲ್ಲನ್ನು ಎಲ್ಲಿಂದ ತಂದರು ಎಂದು ಪರೀಕ್ಷಕರು ಕೇಳಿದಾಗ, ಘಟ್ಟದಾಚೆಯಿಂದ ಬಂದಿತೆಂದು ಹೇಳುವುದುಂಟು, ನಾನು ಪರಿಶೀಲಿಸಿಲ್ಲ ಎಂದು ಒಪ್ಪಿಕೊಂಡೆ; ಅಂಕ ಕಡಿಮೆಯಾಗಲಿಲ್ಲ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.