ತೂಕವಿಲ್ಲದ ಕಡೆ ಇದ್ದು ಬಂದವರಿಗೆ ಡಿಸ್ಕ್ ಜಾರುವುದೇಕೆ?

ವಿಜ್ಞಾನ ಮೇಷ್ಟರು, ಮದ್ದೂರು:
ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜುಲೈಯಲ್ಲಿ ಬಾಹ್ಯಾಕಾಶದಿಂದ ಮರಳಿದ ದೃಶ್ಯವನ್ನು ತರಗತಿಯಲ್ಲಿ ತೋರಿಸಿದೆ. ಗಗನಯಾತ್ರಿಗಳಿಗೆ ಆಮೇಲೆ ಬೆನ್ನಿನ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರುವ ಅಪಾಯ ಹೆಚ್ಚು ಎಂದಾಗ ಒಬ್ಬ ಹುಡುಗಿ ಎದ್ದು, "ಭಾರವೇ ಇಲ್ಲದಿದ್ದರೆ ಬೆನ್ನಿಗೆ ವಿಶ್ರಾಂತಿ ಅಲ್ಲವೇ ಸಾರ್?" ಎಂದಳು. ಅವಳಿಗೆ ಸರಿಯಾದ ಉತ್ತರ ಕೊಡಬೇಕು. ತಿಳಿದವರು ಹೇಳಿ.

ಫಿಸಿಯೋಥೆರಪಿಸ್ಟ್, ಮೈಸೂರು:
ಮೇಷ್ಟರೇ, ಆ ಹುಡುಗಿಗೆ ನನ್ನ ಶಹಬ್ಬಾಸ್ ಹೇಳಿ. ನನ್ನಲ್ಲಿಗೆ ಬರುವವರೂ "ಮಲಗಿಬಿಟ್ಟರೆ ವಾಸಿಯಾಗದೇ?" ಎಂದೇ ಕೇಳುತ್ತಾರೆ.

2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 321 ಅಮೆರಿಕನ್ ಗಗನಯಾತ್ರಿಗಳನ್ನು ಬಾಹ್ಯಾಕಾಶಕ್ಕೆ ಹೋಗದ 983 ಮಂದಿಯೊಂದಿಗೆ ಹೋಲಿಸಿದರು. ಡಿಸ್ಕ್ ಜಾರಿದ್ದು ಗಗನಯಾತ್ರಿಗಳಲ್ಲಿ 4.3 ಪಟ್ಟು ಹೆಚ್ಚು. ಮರಳಿದ ಹೊಸತರಲ್ಲೇ ಅಪಾಯ ಏರುವ ಸೂಚನೆಯೂ ಇತ್ತು.

ಡಿಸ್ಕಿನ ನಡುವೆ ನೀರು ಹಿಡಿದಿಡುವ ತಿರುಳು, ಸುತ್ತ ನಾರಿನ ಪದರಗಳು. ನಿಂತಾಗ ನೀರು ಹಿಂಡಿಹೋಗುತ್ತದೆ, ಮಲಗಿದಾಗ ಮರಳುತ್ತದೆ. ಭಾರವಿಲ್ಲದ ಕಡೆ ಡಿಸ್ಕ್ ನೀರು ಕುಡಿದು ಊದಿಕೊಳ್ಳುತ್ತದೆ ಎಂದೇ ಬಹುಕಾಲ ನಂಬಿದ್ದರು. ಆದರೆ ನಾಲ್ಕರಿಂದ ಏಳು ತಿಂಗಳು ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಆರು ಮಂದಿಯ ಎಂಆರ್‌ಐ ನೋಡಿದಾಗ (ಇದು 2016ರಲ್ಲಿ ಪ್ರಕಟವಾಯಿತು) ಊತ ಸ್ಪಷ್ಟವಾಗಿ ಕಾಣಲಿಲ್ಲ. ಸೊರಗಿದ್ದು ಬೆನ್ನುಮೂಳೆಗೆ ಅಂಟಿಕೊಂಡ ಸ್ನಾಯುಗಳು. ಸೊಂಟದ ಸಹಜ ಬಾಗೂ ಚಪ್ಪಟೆಯಾಗಿತ್ತು. ಚಪ್ಪರದ ಹಗ್ಗ ಸಡಿಲವಾದ ಮೇಲೆ ಕಂಬದ ಮೇಲೆ ಭಾರ ಹೇರಿದರೆ ಏನಾಗುತ್ತದೋ ಯೋಚಿಸಿ. ಅಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ, ಅಷ್ಟಾದರೂ ಹೀಗೆ!

ಕಬ್ಬು ಬೆಳೆಗಾರ, ಪಾಂಡವಪುರ:
ಮೇಡಂ, ಲಾರಿಗೆ ಕಬ್ಬಿನ ಹೊರೆ ಏರಿಸುವಾಗ ಸೊಂಟ ಹಿಡಿಯಿತು. ಎಲ್4-ಎಲ್5 ಡಿಸ್ಕ್ ಅಂತೆ, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನದು. ಎಡಗಾಲಿಗೆ ಜೋಮು. ಎದ್ದರೆ ಇನ್ನೂ ಜಾರುತ್ತದೆ ಎಂದು ಮನೆಯವರು ಹಾಸಿಗೆ ಬಿಡಲು ಒಪ್ಪುತ್ತಿಲ್ಲ.

ಫಿಸಿಯೋಥೆರಪಿಸ್ಟ್, ಮೈಸೂರು:
ಅಣ್ಣ, ದಯವಿಟ್ಟು ಹಾಸಿಗೆಯಲ್ಲೇ ಉಳಿಯಬೇಡಿ. ನೋವು ತಡೆಯುವಷ್ಟು ದೂರ ಅಂಗಳದಲ್ಲೇ ನಡೆಯಿರಿ, ದಿನಕ್ಕೆ ಹಲವು ಬಾರಿ. ಬಗ್ಗಿ ಎತ್ತುವುದು, ಸೊಂಟ ತಿರುಚುವುದು ಸದ್ಯಕ್ಕೆ ಬೇಡ. ಬಹುಪಾಲು ಮಂದಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಕಡಿಮೆಯಾಗುತ್ತದೆ. ಜೋಮಿನ ವಿಷಯವನ್ನು ನಿಮ್ಮ ವೈದ್ಯರಿಗೆ ತಪ್ಪದೆ ತಿಳಿಸಿ. ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ ಬೆಳಗಾಗಲೆಂದು ಕಾಯದೆ ನಡುರಾತ್ರಿಯಾದರೂ ಮಂಡ್ಯದ ದೊಡ್ಡ ಆಸ್ಪತ್ರೆಗೆ ಹೊರಡಿ.

ವಿಜ್ಞಾನ ಮೇಷ್ಟರು, ಮದ್ದೂರು:
ಧನ್ಯವಾದ ಮೇಡಂ. ಮಕ್ಕಳ ಎತ್ತರವನ್ನು ಪ್ರಾರ್ಥನೆಯ ಹೊತ್ತಿಗೂ ಸಂಜೆಗೂ ಅಳೆದರೆ ಡಿಸ್ಕ್ ಕುಗ್ಗಿದ್ದು ಗೊತ್ತಾಗುತ್ತದೆಯೇ?

ಫಿಸಿಯೋಥೆರಪಿಸ್ಟ್, ಮೈಸೂರು:
ಶಾಲೆಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಕುಗ್ಗುವುದರಲ್ಲಿ ದೊಡ್ಡ ಪಾಲು ಎದ್ದ ಮೊದಲ ಗಂಟೆಯಲ್ಲೇ ಮುಗಿಯುತ್ತದೆ. ಹಾಸಿಗೆ ಬಿಟ್ಟ ಕೂಡಲೇ ಮನೆಯ ಗೋಡೆಗೆ ಒರಗಿ ಗುರುತು ಹಾಕಿಸಿಕೊಳ್ಳಲಿ, ಮಲಗುವ ಮುನ್ನ ಇನ್ನೊಂದು. ಒಂದು ಸೆಂಟಿಮೀಟರ್ ಆಸುಪಾಸು ವ್ಯತ್ಯಾಸ ಸಿಗಬಹುದು.