ಪದಚರ್ಚೆ: ತೆರೆಯ ಮೇಲೆ ತಾನೇ ಹಾಡಿ ನಟಿಸುವವಳಿಗೆ ಏನನ್ನೋಣ?

ಗೆಳೆಯರೇ,

ಈಜಿಪ್ಟಿನ ಗಾಯಕಿ ಉಮ್ ಕುಲ್ಸುಮ್ ಅವರ ಸಿನಿಮಾಗಳ ಬಗ್ಗೆ ಒಂದು ಪರಿಚಯ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಒಂದು ಪದ ಕೈಕೊಟ್ಟಿದೆ. ನಿಮ್ಮ ನೆರವು ಬೇಕು. (ಹೆಸರನ್ನು ಕುಲ್ತೂಮ್ ಎಂದೂ ಬರೆಯುತ್ತಾರೆ. ನಮ್ಮ ಕಡೆ ಕುಲ್ಸುಮ್ ಎಂಬ ಹೆಸರು ಬಳಕೆಯಲ್ಲಿ ಇದ್ದೇ ಇದೆ, ಹಾಗಾಗಿ ಅದನ್ನೇ ಇಟ್ಟುಕೊಂಡೆ.)

ಅವರು ನಟಿಸಿದ್ದು ಆರೇ ಸಿನಿಮಾ. 1936ರ ‘ವಿದಾದ್’ ಮೊದಲನೆಯದು, 1947ರ ‘ಫಾತ್ಮಾ’ ಕೊನೆಯದು. ಆರರಲ್ಲೂ ಕಥಾನಾಯಕಿ ಅವರೇ, ಹಾಡಿದ್ದೂ ಅವರೇ. ಬರೆಯುವಾಗ ರೂಢಿಯಂತೆ ಕೈ ‘ನಟಿ ಮತ್ತು ಹಿನ್ನೆಲೆ ಗಾಯಕಿ’ ಎಂದು ಬರೆದುಬಿಟ್ಟಿತು. ಮಾರನೇ ದಿನ ಓದಿದಾಗ ಚುಚ್ಚಿತು. ಮುಖ ಎದುರಿಗೇ ಇದೆ, ದನಿ ಅದೇ ಬಾಯಿಂದ ಬರುತ್ತಿದೆ. ಇದರಲ್ಲಿ ಹಿಂದಿನ ನೆಲೆ ಯಾವುದು?

ನಮ್ಮ ಸಿನಿಮಾ ಮಾತಿನಲ್ಲಿ ಹಾಡು ಅಂದರೆ ಹಿಂದಿನಿಂದ ಬರುವುದು ಎಂದೇ ಆಗಿಹೋಗಿದೆ. ರಾಜ್‌ಕುಮಾರ್ ಶರೀರ, ಪಿ.ಬಿ. ಶ್ರೀನಿವಾಸ್ ಶಾರೀರ ಎಂಬ ಮಾತು ಎಲ್ಲರಿಗೂ ಗೊತ್ತು. ಒಂದೇ ಒಂದು ದೀರ್ಘದ ವ್ಯತ್ಯಾಸದಲ್ಲಿ ಇಬ್ಬರನ್ನೂ ಕೂರಿಸಿದ ಚೆಂದದ ಮಾತು ಅದು. ಯಕ್ಷಗಾನದಲ್ಲೂ ಹಾಗೇ ಅಲ್ವಾ? ಹಾಡುವ ಭಾಗವತರು ಹಿಮ್ಮೇಳ, ಕುಣಿಯುವವರು ಮುಮ್ಮೇಳ. ಹಾಗಾಗಿ ‘ಹಿನ್ನೆಲೆ’ ನಮಗೆ ಹೊರಗಿನ ಪದ ಅಂತ ಅನ್ನಿಸುವುದೇ ಇಲ್ಲ. ಆದರೆ ಕಂಪನಿ ನಾಟಕದಲ್ಲಿ ಪಾತ್ರಧಾರಿಯೇ ಹಾಡಬೇಕಿತ್ತು. ದನಿ ಇಲ್ಲದವರಿಗೆ ದೊಡ್ಡ ಪಾತ್ರ ಸಿಗುವುದು ಕಷ್ಟವಿತ್ತು. ಉಮ್ ಕುಲ್ಸುಮ್ ಸೇರುವುದು ಈ ಸಾಲಿಗೆ.

‘ಹಿನ್ನೆಲೆ’ಯನ್ನು ಸುಮ್ನೆ ಬಿಟ್ಟುಬಿಡೋಣ ಎಂದರೆ ಅದೂ ಆಗದು. 1963ರ ‘ರಾಬಿಆ ಅಲ್ ಅದವಿಯ್ಯಾ’ ಸಿನಿಮಾದಲ್ಲಿ ತೆರೆಯ ಮೇಲೆ ಇರುವವರು ನಬೀಲಾ ಉಬೈದ್, ಕೇಳುವುದು ಉಮ್ ಕುಲ್ಸುಮ್ ಅವರ ದನಿ. ಅಲ್ಲಿ ‘ಹಿನ್ನೆಲೆ ಗಾಯಕಿ’ ಸರಿಯಾಗಿ ಕೂರುತ್ತದೆ. ಒಂದೇ ಬರಹದಲ್ಲಿ ಎರಡೂ ಬರುವುದರಿಂದ ಎರಡು ಬೇರೆ ಪದ ಬೇಕೇ ಬೇಕು.

ನಾನು ಯೋಚಿಸಿದ್ದು ಇಷ್ಟು. ‘ಗಾಯಕನಟಿ’ ಅಂದರೆ ಕೊನೆಯ ಪದಕ್ಕೆ ತೂಕ ಜಾಸ್ತಿ. ಮೂಲತಃ ನಟಿ, ಹಾಡೂ ಬರುತ್ತದೆ ಎಂಬಂತೆ ಕೇಳುತ್ತದೆ. ಇವರ ವಿಷಯದಲ್ಲಿ ಅದು ತಲೆಕೆಳಗು. ಪ್ರತಿ ತಿಂಗಳ ಮೊದಲ ಗುರುವಾರ ಇವರ ಕಛೇರಿ ಕೈರೋ ರೇಡಿಯೋದಲ್ಲಿ ಬರುತ್ತಿತ್ತು. ಒಂದೇ ಹಾಡು ಗಂಟೆ ಮೀರುತ್ತಿತ್ತು, ಕೇಳುಗರು ಕೂಗಿದರೆ ಅದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಸಿನಿಮಾ ಆ ದೊಡ್ಡ ಬದುಕಿನ ಒಂದು ಕವಲು ಮಾತ್ರ. ಹಾಗಂತ ‘ನಟಗಾಯಕಿ’ ಎಂದರೆ ಯಾರೋ ನಟನಿಗೆ ಹಾಡುವವಳು ಎಂದಾಗುತ್ತದೆ. ‘ಮುನ್ನೆಲೆ ಗಾಯಕಿ’ ಎಂದು ಒಬ್ಬರು ಸೂಚಿಸಿದರು. ಆದರೆ ಮುನ್ನೆಲೆಗೆ ಬರುವುದು ಎಂದರೆ ಹೆಸರು ಮಾಡುವುದು ಎಂಬ ಅರ್ಥ ಈಗಾಗಲೇ ಗಟ್ಟಿಯಾಗಿದೆ. ನನಗೆ ಸದ್ಯಕ್ಕೆ ಹಿಡಿಸಿರುವುದು ‘ಹಾಡುನಟಿ’. ಹಾಡುಹಕ್ಕಿ ಇದ್ದಂತೆ. ಹಾಡುವುದು ಆ ಹಕ್ಕಿಗೆ ಮೇಲಿಂದ ಸೇರಿಸಿದ್ದಲ್ಲ, ಅದರ ಗುಣ. ಇಲ್ಲೂ ಕೊನೆಗೆ ‘ನಟಿ’ಯೇ ಇದೆ ನಿಜ, ಆದರೆ ಕಿವಿಗೆ ಮೊದಲು ಬೀಳುವುದು ಹಾಡು. ಹಿಂದಿ ಸಿನಿಮಾಗಳಲ್ಲಿ ತಾವೇ ಹಾಡಿ ನಟಿಸಿದ ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರಿಗೂ ಈ ಪದ ಒಪ್ಪುತ್ತದೆ.

ಅರಬ್ಬಿಯಲ್ಲಿ ಗಾಯಕಿಗೆ ‘ಮುತ್ರಿಬಾ’ ಎಂಬ ಪದವಿದೆ. ‘ತರಬ್’ ಎಂದರೆ ಹಾಡು ಕೇಳುತ್ತಾ ಮೈಮರೆಯುವುದು. ಅದನ್ನು ಉಂಟುಮಾಡುವವಳು ಮುತ್ರಿಬಾ. ಆ ಪದದಲ್ಲಿ ಹಿಂದೆ ಮುಂದೆ ಎಂಬ ಲೆಕ್ಕವೇ ಇಲ್ಲ, ಕೇಳುವವರಿಗೆ ಏನಾಗುತ್ತದೆ ಎಂಬುದಷ್ಟೇ ಇದೆ. ನನಗೆ ಬಹಳ ಇಷ್ಟವಾಯಿತು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ‘ವಿದಾದ್’, 1940ರ ‘ದನಾನೀರ್’, 1945ರ ‘ಸಲ್ಲಾಮಾ’ ಮೂರರಲ್ಲೂ ಅವರ ಪಾತ್ರ ಹಾಡುವ ಗುಲಾಮ ಹೆಣ್ಣಿನದು. ಅರಬ್ಬಿಯಲ್ಲಿ ‘ಜಾರಿಯಾ’, ಹಾಡುವವಳೆಂದೇ ಹೇಳಬೇಕಾದರೆ ‘ಕೈನಾ’. ವಿದಾದ್‌ಳ ಒಡೆಯ ಒಬ್ಬ ವರ್ತಕ. ಅವಳ ಮೇಲೆ ಅವನಿಗೆ ಪ್ರೀತಿ. ವ್ಯಾಪಾರ ಮುಳುಗಿದಾಗ ಅವಳನ್ನೇ ಮಾರಬೇಕಾಗುತ್ತದೆ. ಇಲ್ಲಿ ಶಾರೀರಕ್ಕಾಗಿ ಶರೀರವನ್ನು ಕೊಳ್ಳುತ್ತಾರೆ. ದನಿ ಚೆನ್ನಾಗಿದ್ದಷ್ಟೂ ಬೆಲೆ ಏರುತ್ತದೆ. ಇದನ್ನು ಬರೆಯುವಾಗ ನನಗೆ ಸಂಕಟವಾಯಿತು.

‘ದಾಸಿ’ ಎಂದರೆ ಅರಮನೆಯಲ್ಲಿ ಬಾಗಿಲ ಬಳಿ ನಿಂತವಳು ಕಣ್ಣಿಗೆ ಬರುತ್ತಾಳೆ, ಮಾರಾಟದ ಅರ್ಥ ಮಸುಕು. ‘ಜೀತದವಳು’ ಎಂದರೆ ಸಾಲಕ್ಕೆ ದುಡಿಯುವವಳು. ‘ಸೇವಕಿ’ ಸುಳ್ಳೇ ಆಗುತ್ತದೆ. ‘ತೊತ್ತು’ ಹಳೆಯ ಪದ, ಅರ್ಥವೂ ನೇರ. ಆದರೆ ಇವತ್ತು ಅದು ಬೈಗುಳದಲ್ಲೇ ಹೆಚ್ಚು ಉಳಿದಿದೆ. ಆದರೂ ‘ಹಾಡುವ ತೊತ್ತು’ ಎಂದೇ ಬರೆಯೋಣ ಅನ್ನಿಸುತ್ತಿದೆ. ಮೆದು ಮಾಡಿದರೆ ಕಥೆಯ ನೋವೇ ಹೋಗುತ್ತದೆ.

ನನ್ನ ಪ್ರಶ್ನೆ ಎರಡು. ‘ಹಾಡುನಟಿ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಕಂಪನಿ ನಾಟಕ ಕಂಡವರು, ಅಂಥ ಮನೆಯವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ: ಹಾಡಿ ಅಭಿನಯಿಸುವ ಹೆಣ್ಣುಮಕ್ಕಳನ್ನು ಒಳಗಿನವರು ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಿದ್ದರು? ಇನ್ನು ‘ತೊತ್ತು’ ನಿಮ್ಮ ಊರಿನ ಮಾತಿನಲ್ಲಿ ಬೈಗುಳವಲ್ಲದೆ ಬೇರೆ ಅರ್ಥದಲ್ಲಿ ಇನ್ನೂ ಉಳಿದಿದೆಯೇ? ಇದ್ದರೆ ಯಾವ ಸೀಮೆ, ಯಾರ ಬಾಯಲ್ಲಿ ಕೇಳಿದ್ದು ಎಂದು ಬರೆಯಿರಿ.